ಮನೆ, ತಟ್ಟೆ, ಮದುವೆ

‘ನಾವು ಜಾತಿಗೀತಿ ಎಲ್ಲ ನೋಡೋದಿಲ್ಲಪ್ಪ’ ಎಂಬ ಮಾತು ನಮ್ಮಲ್ಲಿ ‘ಊಟ ಆಯ್ತಾ’ ಎಂಬಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ಹೇಳುವವರಲ್ಲಿ ಹೆಚ್ಚಿನವರು ನಂಬಿಯೇ ಹೇಳುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ನಮ್ಮ ದೇಶದ ಸುಮಾರು 30,000 ವಯಸ್ಕರನ್ನು ಮಾತಾಡಿಸಿ 2021ರಲ್ಲಿ ಒಂದು ವರದಿ ಪ್ರಕಟಿಸಿತು. ನಿಜವಾದ ಭಾರತೀಯ ಎನಿಸಿಕೊಳ್ಳಲು ಎಲ್ಲ ಧರ್ಮಗಳನ್ನೂ ಗೌರವಿಸುವುದು ಬಹಳ ಮುಖ್ಯ ಎಂದವರು ಶೇ 84. ಅದೇ ವರದಿಯಲ್ಲಿ, ಮುಸ್ಲಿಮರು ನೆರೆಮನೆಗೆ ಬರುವುದು ತಮಗೆ ಒಪ್ಪಿಗೆಯಿಲ್ಲ ಎಂದ ಹಿಂದೂಗಳು ಶೇ 36. ತಮ್ಮ ಧರ್ಮದ ಹೆಣ್ಣುಮಕ್ಕಳು ಹೊರಗಿನವರನ್ನು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದವರು ಹಿಂದೂಗಳಲ್ಲಿ ಶೇ 67, ಮುಸ್ಲಿಮರಲ್ಲಿ ಶೇ 80. ಹತ್ತಿರದ ಗೆಳೆಯರಲ್ಲಿ ಎಲ್ಲರೂ ಅಥವಾ ಹೆಚ್ಚಿನವರು ತಮ್ಮ ಜಾತಿಯವರೇ ಎಂದು ಶೇ 70 ಮಂದಿ ಒಪ್ಪಿಕೊಂಡರು.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮಗೆ ವಿರೋಧಾಭಾಸ ಕಾಣುತ್ತದೆ. ಉತ್ತರ ಕೊಟ್ಟವರಿಗೆ ಕಾಣುವುದಿಲ್ಲ. ‘ಅವರು ಅವರ ಪಾಡಿಗೆ ಚೆನ್ನಾಗಿರಲಿ, ನಾವು ನಮ್ಮ ಪಾಡಿಗೆ’ ಎಂಬುದೇ ಬಹುಪಾಲು ಜನರ ಜಾತ್ಯತೀತತೆ. ರಂಜಾನಿಗೆ ವಾಟ್ಸ್‌ಆಪ್‌ನಲ್ಲಿ ಶುಭಾಶಯ ಹೋಗುತ್ತದೆ, ಕ್ರಿಸ್‌ಮಸ್ಸಿಗೆ ಕೇಕು ಬರುತ್ತದೆ, ದೀಪಾವಳಿಗೆ ಡಬ್ಬಿ ತುಂಬ ಕಜ್ಜಾಯ ಹೋಗುತ್ತದೆ. ದೂರ ದೂರ ಇರುವ ತನಕ ಗೌರವಕ್ಕೆ ಏನೂ ಕೊರತೆಯಿಲ್ಲ.

ಆದ್ದರಿಂದ ದಿನದ ಬದುಕಿನಲ್ಲಿ ಜಾತ್ಯತೀತ ದೃಷ್ಟಿ ಎಂದರೇನು ಎಂಬುದನ್ನು ಗುಡಿ-ಮಸೀದಿಗಳ ಜಗಳದಲ್ಲಿ ಹುಡುಕುವುದರಿಂದ ಪ್ರಯೋಜನವಿಲ್ಲ. ದೇವರನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ನೋಡಹೊರಟಿರುವುದು ಇಷ್ಟೇ: ಮನೆ ಬಾಡಿಗೆಗೆ ಕೊಡುವಾಗ, ಊಟ ಬಡಿಸುವಾಗ, ಹೆಣ್ಣು ಗಂಡು ಕೂಡಿಸುವಾಗ ನಾವು ಎದುರಿನವರ ಹುಟ್ಟನ್ನು ಕೇಳುತ್ತೇವೆಯೆ? ಕೇಳಿದ ಮೇಲೆ ಏನು ಮಾಡುತ್ತೇವೆ?

ಕಾಗದದ ಮೇಲಿನ ಕಥೆ ಬೇಗ ಮುಗಿಯುತ್ತದೆ. 1976ರ 42ನೇ ತಿದ್ದುಪಡಿಯಿಂದ ಸಂವಿಧಾನದ ಪ್ರಸ್ತಾವನೆಗೆ ‘ಜಾತ್ಯತೀತ’ ಎಂಬ ಮಾತು ಸೇರಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದು ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂದಿತು. ಆ ಪ್ರಕರಣ ನಮ್ಮದೇ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನಲ್ಲಿದೆ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆದರೆ ಇವೆಲ್ಲ ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ಮನುಷ್ಯರು ಮನುಷ್ಯರೊಂದಿಗೆ ನಡೆದುಕೊಳ್ಳುವ ರೀತಿಗೆ ನೇರವಾಗಿ ಕೈಹಾಕುವುದು ಅಸ್ಪೃಶ್ಯತೆಯನ್ನು ಅಳಿಸಿದ 17ನೇ ವಿಧಿ ಮತ್ತು 15ನೇ ವಿಧಿಯ ಎರಡನೆಯ ಖಂಡ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ: ಇಲ್ಲೆಲ್ಲ ಧರ್ಮ, ಜಾತಿ, ಲಿಂಗ, ಹುಟ್ಟೂರಿನ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಅಂಬೇಡ್ಕರರ ಕಾಲದಲ್ಲಿ ಅವಮಾನ ನಡೆಯುತ್ತಿದ್ದ ಜಾಗಗಳ ಪಟ್ಟಿ ಅದು. ಬಾಡಿಗೆ ಮನೆಯ ಹೆಸರು ಅದರಲ್ಲಿಲ್ಲ. ಊರಾಚೆಯ ಕೇರಿಯಲ್ಲಿ ಇದ್ದವರು ಒಂದು ದಿನ ಊರೊಳಗಿನ ಮೊದಲ ಮಹಡಿಯ ಮನೆ ಕೇಳಿಕೊಂಡು ಬರುತ್ತಾರೆ ಎಂಬುದು ಆಗ ಯಾರ ಲೆಕ್ಕದಲ್ಲೂ ಇದ್ದಿರಲಾರದು.

ಈಗ ಬರುತ್ತಿದ್ದಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲಾದರೂ ಸರಿ, ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡಿನ ನಂಬರಿಗೆ ಫೋನು ಮಾಡಿದವರಿಗೆ ಮುಂದಿನ ಮಾತುಕತೆ ಬಾಯಿಪಾಠ.

‘ಮನೆ ಖಾಲಿ ಇದೆಯಾ ಸಾರ್?’

‘ಇದೆ. ಫ್ಯಾಮಿಲಿನಾ? ಎಷ್ಟು ಜನ?’

‘ಮೂರು ಜನ.’

‘ವೆಜ್ಜಾ ನಾನ್‌ವೆಜ್ಜಾ?’

‘ಮನೇಲಿ ವೆಜ್ಜೇ ಸಾರ್.’

‘ಸರಿ. ಯಾವೂರು ನಿಮ್ದು? ತಪ್ಪು ತಿಳ್ಕೋಬೇಡಿ... ನೀವು ಯಾವ ಪೈಕಿ?’

ಉತ್ತರ ಕರ್ನಾಟಕದಲ್ಲಿ ಇಷ್ಟು ಸುತ್ತುಬಳಸು ಬೇಕಿಲ್ಲ. ‘ಅಡ್ಡಹೆಸರೇನ್ರಿ?’ ಎಂದು ಕೇಳಿದರೆ ಸಾಕು. ಮನೆದೇವರು ಯಾವುದು ಎಂದು ಕೇಳುವವರು ಇನ್ನೂ ಜಾಣರು. ಉತ್ತರ ಹಿಡಿಸದಿದ್ದರೆ ‘ನಮ್ಮ ಮಗ ಫಾರಿನ್ನಿಂದ ಬರ್ತಾ ಇದಾನೆ, ಸದ್ಯಕ್ಕೆ ಕೊಡೋ ಯೋಚನೆ ಇಲ್ಲ’ ಎನ್ನುತ್ತಾರೆ. ಬೋರ್ಡು ಮಾತ್ರ ಮುಂದಿನ ತಿಂಗಳೂ ಗೇಟಿನಲ್ಲಿ ನೇತಾಡುತ್ತಿರುತ್ತದೆ.

ಮೇಲಿನ ಮನೆಯಲ್ಲಿ ಮೀನು ಹುರಿಯುವ ವಾಸನೆ ಸಹಿಸುವುದು ಕಷ್ಟ ಎನ್ನುವ ಮಾಲೀಕರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಂದೇ ಗೋಡೆ, ಒಂದೇ ಅಂಗಳದ ಮನೆಗಳಲ್ಲಿ ಆಹಾರದ ರೂಢಿ ನಿಜವಾಗಿಯೂ ಒಂದು ತೊಡಕು. ಆದರೆ ಆ ಮಾತುಕತೆಯನ್ನು ಇನ್ನೊಮ್ಮೆ ಓದಿ. ‘ವೆಜ್ಜೇ’ ಎಂಬ ಉತ್ತರ ಸಿಕ್ಕ ಮೇಲೂ ಪ್ರಶ್ನೆ ನಿಲ್ಲಲಿಲ್ಲ. ಸಂಜೆ ಹೊರಗೆ ಹೋಗಿ ಕಬಾಬು ತಿಂದು ಬರುವ ಮೇಲ್ಜಾತಿಯ ಹುಡುಗನಿಗೆ ಮನೆ ಸಿಗುತ್ತದೆ, ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟದ ದಲಿತ ಅಧ್ಯಾಪಕನಿಗೆ ಸಿಗುವುದಿಲ್ಲ. ವಾಸನೆ ನೆಪ ಮಾತ್ರ.

ಇದನ್ನು ವೈಜ್ಞಾನಿಕವಾಗಿ ಅಳೆದವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ವಿದ್ಯಾರ್ಹತೆಯ ಅರ್ಜಿಗಳನ್ನು ಮೇಲ್ಜಾತಿ, ದಲಿತ ಮತ್ತು ಮುಸ್ಲಿಂ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದ್ದರು. ಬದಲಾಗಿದ್ದುದು ಹೆಸರು ಮಾತ್ರ. ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆಯಲ್ಲಿ ದಲಿತ ಹೆಸರು ಮೇಲ್ಜಾತಿಯ ಹೆಸರಿನ ಮೂರನೇ ಎರಡರಷ್ಟಕ್ಕೆ ನಿಂತಿತು, ಮುಸ್ಲಿಂ ಹೆಸರು ಮೂರನೇ ಒಂದರಷ್ಟಕ್ಕೆ. ಥೋರಟ್ ಮತ್ತು ಸಂಗಡಿಗರು 2015ರಲ್ಲಿ ದೆಹಲಿ ಸುತ್ತಮುತ್ತಲ ಬಾಡಿಗೆ ಮನೆಗಳ ಬಗ್ಗೆ ಇಂಥದ್ದೇ ಪರೀಕ್ಷೆಯ ಫಲ ಪ್ರಕಟಿಸಿದರು. ಅಲ್ಲೂ ದಲಿತರು ಹಿಂದೆ, ಮುಸ್ಲಿಮರು ಇನ್ನೂ ಹಿಂದೆ. ಕೋರ್ಟಿನಿಂದಲೂ ಈ ವಿಷಯದಲ್ಲಿ ಹೆಚ್ಚಿನ ಆಸರೆ ಸಿಕ್ಕಿಲ್ಲ. ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದು ನಿಯಮ ಮಾಡಿಕೊಂಡದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಳಿವಿನ ಅಂಚಿನಲ್ಲಿರುವ ಪಾರ್ಸಿಗಳಂಥ ಪುಟ್ಟ ಸಮುದಾಯದ ಆತಂಕ ಅರ್ಥವಾಗುತ್ತದೆ. ಅದೇ ತರ್ಕ ಬಲವಿದ್ದವರ ಬಡಾವಣೆಗಳಿಗೂ ಸಲ್ಲುತ್ತದೆ ಎಂಬುದು ತೊಂದರೆ.

ಜನ ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ: ಜಾತಿ ಮುಚ್ಚಿಡುವುದು. 2025ರ ಮೇ ತಿಂಗಳಿನಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಸಿದಾಗ ಮನೆ ಮನೆ ಭೇಟಿಯ ಜೊತೆಗೆ ಮತಗಟ್ಟೆ ಮಟ್ಟದ ಶಿಬಿರ, ಆನ್‌ಲೈನ್ ನೋಂದಣಿಯನ್ನೂ ಇಟ್ಟಿತ್ತು. ಮಾಲೀಕರು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿರುವಾಗ ಹೊಲೆಯ, ಮಾದಿಗ ಎಂದು ಬಾಯಿಬಿಟ್ಟು ಹೇಳಲಾಗದವರಿಗೆ ಈ ದಾರಿಗಳು ಬೇಕಾಗಿದ್ದವು.

‘ಜಾತಿ ಕೇಳಬಾರದು ಎನ್ನುವ ನೀವೇ ಜಾತಿಗಣತಿ ಮಾಡಿ ಎನ್ನುತ್ತೀರಲ್ಲ’ ಎಂಬ ಆಕ್ಷೇಪವನ್ನು ಇಲ್ಲೇ ಮುಗಿಸಿಬಿಡಬಹುದು. ಗಣತಿಯವನು ಕೇಳುವುದು ಯಾರಿಗೆ ಪಾಲು ತಪ್ಪಿದೆ ಎಂದು ತಿಳಿಯಲು. ಮನೆ ಮಾಲೀಕ ಕೇಳುವುದು ಪಾಲು ತಪ್ಪಿಸಲು. ಗಾಯ ಎಲ್ಲಿದೆ ಎಂದು ನೋಡದೆ ಔಷಧಿ ಹಚ್ಚಲಾಗದು, ಅಷ್ಟೇ.

ತಟ್ಟೆಯ ವಿಷಯಕ್ಕೆ ಬರೋಣ. ನಮ್ಮ ಹಳ್ಳಿಯ ಚಹಾದಂಗಡಿಗಳಲ್ಲಿ ಎರಡು ಲೋಟದ ಪದ್ಧತಿ ಇದ್ದದ್ದು ಎಲ್ಲರಿಗೂ ಗೊತ್ತು. ಸೂರಿನಡಿ ಸಿಕ್ಕಿಸಿಟ್ಟ ಲೋಟವನ್ನು ತಾವೇ ತೆಗೆದು, ತಾವೇ ತೊಳೆದು, ಮೇಲಿನಿಂದ ಹುಯ್ದದ್ದನ್ನು ಕುಡಿದು ಮತ್ತೆ ಸಿಕ್ಕಿಸಿ ಹೋಗಬೇಕಿತ್ತು. ಕಾಯ್ದೆ, ಕೇಸು, ದಲಿತ ಸಂಘರ್ಷ ಸಮಿತಿಯ ಹೋರಾಟಗಳ ಮೇಲೆ ಅದು ಬಹಳ ಕಡೆ ಹೋಯಿತು. ಹೋದ ಜಾಗಕ್ಕೆ ಪೇಪರ್ ಕಪ್ಪು ಬಂತು. ಎಲ್ಲರಿಗೂ ಪೇಪರ್ ಕಪ್ಪಾದರೆ ಭೇದವೂ ಇಲ್ಲ, ಎಂಜಲೂ ಇಲ್ಲ, ಕೇಸೂ ಇಲ್ಲ! ಆದರೆ ಕೆಲವರಿಗೆ ಗಾಜಿನ ಲೋಟ, ಕೆಲವರಿಗೆ ಪೇಪರ್ ಕಪ್ಪು ಕೊಡುವ ಅಂಗಡಿಗಳೂ ಇವೆ, ನೋಡುವ ಕಣ್ಣಿದ್ದರೆ ಕಾಣುತ್ತವೆ. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ 2011-12ರ ಸುತ್ತಿನಲ್ಲಿ ದೇಶದ ಶೇ 27ರಷ್ಟು ಕುಟುಂಬಗಳು ತಮ್ಮ ಮನೆಯಲ್ಲಿ ಯಾವುದೋ ಒಂದು ರೂಪದ ಅಸ್ಪೃಶ್ಯತೆ ಆಚರಿಸುವುದಾಗಿ ಒಪ್ಪಿಕೊಂಡವು. ಒಪ್ಪಿಕೊಂಡವರ ಲೆಕ್ಕ ಇದು. ಪ್ಯೂ ವರದಿಯಲ್ಲಿ ಶೇ 82 ಮಂದಿ ಕಳೆದೊಂದು ವರ್ಷದಲ್ಲಿ ತಮಗೆ ಜಾತಿ ತಾರತಮ್ಯ ಆಗಿಲ್ಲ ಎಂದದ್ದನ್ನು ಇದರ ಜೊತೆಗಿಟ್ಟು ಓದಬೇಕು.

ನಗರದವರು ಇದನ್ನು ಓದಿ ‘ಹಳ್ಳಿಯಲ್ಲಿ ಇನ್ನೂ ಹೀಗಿದೆಯೇ’ ಎಂದು ನಿಟ್ಟುಸಿರು ಬಿಡುವ ಮೊದಲು ತಮ್ಮ ಅಡುಗೆಮನೆ ನೋಡಿಕೊಳ್ಳುವುದು ಒಳ್ಳೆಯದು. ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಕಾಫಿ ಕೊಡುವ ಲೋಟ ಯಾವುದು? ಬಹಳಷ್ಟು ಮನೆಗಳಲ್ಲಿ ಅದು ನೆಗ್ಗಿದ ಸ್ಟೀಲಿನ ಲೋಟ, ಸಿಂಕಿನ ಕೆಳಗೋ ಕಿಟಕಿಯ ಕಟ್ಟೆಯ ಮೇಲೋ ಒಂಟಿಯಾಗಿ ಕೂತಿರುತ್ತದೆ. ಮನೆಯವರ ಎಲ್ಲ ಲೋಟಗಳನ್ನೂ ಉಜ್ಜಿ ತೊಳೆಯುವ ಕೈ ಅದೇ. ಅಪಾರ್ಟ್‌ಮೆಂಟಾದರೆ ಅವಳಿಗೆ ಬೇರೆ ಲಿಫ್ಟು. ಕೇಳಿದರೆ ಜಾತಿಯ ಮಾತು ಯಾರೂ ಆಡುವುದಿಲ್ಲ, ‘ಕ್ಲೀನ್ಲಿನೆಸ್’ ಎನ್ನುತ್ತಾರೆ. ಮಡಿ ಎಂಬುದು ತನ್ನ ಹೆಸರು ಬದಲಿಸಿಕೊಂಡು ನಮ್ಮ ಸೊಸೈಟಿಯ ನಿಯಮಾವಳಿಯೊಳಗೆ ಸುಖವಾಗಿದೆ.

ಶಾಲೆಯ ಬಿಸಿಯೂಟದ ಮೊಟ್ಟೆಯ ಜಗಳವೂ ಇದೇ ತಟ್ಟೆಗೆ ಸೇರಿದ್ದು. 2021ರ ಡಿಸೆಂಬರಿನಲ್ಲಿ ಮಕ್ಕಳ ಅಪೌಷ್ಟಿಕತೆ ಹೆಚ್ಚಿದ್ದ ಉತ್ತರದ ಕೆಲವು ಜಿಲ್ಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಟ್ಟಿಗೆ ಕೂತು ಬೇರೆ ಬೇರೆ ತಿಂದರೆ ಮಕ್ಕಳಲ್ಲಿ ಭೇದಭಾವ ಹುಟ್ಟುತ್ತದೆ ಎಂಬುದು ಒಂದು ವಾದ. ಪಂಕ್ತಿಭೇದವನ್ನು ಶತಮಾನಗಳ ಕಾಲ ಪೊರೆದ ನಾಡಿನಲ್ಲಿ ಈ ಕಾಳಜಿ ಸ್ವಲ್ಪ ತಡವಾಗಿ ಬಂತು ಎನ್ನದೆ ವಿಧಿಯಿಲ್ಲ. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 1,500 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡು ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಬೇಡವಾದವರಿಗೆ ಬಾಳೆಹಣ್ಣು. ನನಗೆ ಇದಕ್ಕಿಂತ ಒಳ್ಳೆಯ ಜಾತ್ಯತೀತ ಪಾಠ ಕಾಣುವುದಿಲ್ಲ. ಪಕ್ಕದವನು ಮೊಟ್ಟೆ ತಿನ್ನುತ್ತಿರುವಾಗ ಕೊಸರಾಡದೆ ಬಾಳೆಹಣ್ಣು ಸುಲಿಯುವ ಮಗು, ತಾನು ಒಲ್ಲದ್ದನ್ನು ಇನ್ನೊಬ್ಬ ತಿಂದರೆ ಪ್ರಪಂಚ ಮುಳುಗುವುದಿಲ್ಲ ಎಂದು ಏಳನೇ ವಯಸ್ಸಿಗೇ ಕಲಿಯುತ್ತದೆ. ಹಿರಿಯರಿಗೆ ಇದು ಎಪ್ಪತ್ತಾದರೂ ಬಂದಿರುವುದಿಲ್ಲ. ಅಡುಗೆಗೆ ದಲಿತ ಹೆಂಗಸು ಬಂದಳೆಂದು ಮಕ್ಕಳ ಟಿಸಿ ಕಿತ್ತುಕೊಂಡು ಹೋಗುವ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇದೆ.

ಇಂಥದ್ದು ಸಣ್ಣ ವಿಷಯ, ದೊಡ್ಡದು ಮಾಡಬೇಡಿ ಎನ್ನುವವರಿಗೆ ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪಿರಬೇಕು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶ ಇಲ್ಲವೆಂಬ ತಕರಾರು ಹೊಗೆಯಾಡುತ್ತಿದ್ದ ಆ ಊರಿನಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಪ್ರಕರಣ ಆಮೇಲೆ ಹೈಕೋರ್ಟಿಗೆ ಹೋಯಿತು. ಅದೇ ಜಿಲ್ಲೆಯ ಮಿಯಾಪುರದಲ್ಲಿ 2021ರಲ್ಲಿ ಮಳೆಗೆ ಹನುಮಪ್ಪನ ಗುಡಿಯೊಳಗೆ ಓಡಿದ ಎರಡು ವರ್ಷದ ದಲಿತ ಕೂಸಿನ ಮನೆಯವರಿಗೆ ಊರಿನ ಹಿರಿಯರು ದಂಡ ಹಾಕಿದರು. ಮರುವರ್ಷ ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಹುಡುಗನ ಮನೆಯವರಿಗೆ 60,000 ರೂಪಾಯಿ.

‘ಇದು ನಮ್ಮ ಸಂಪ್ರದಾಯ, ನೀವು ಹೊರಗಿನವರು ಬಾಯಿ ಹಾಕಬೇಡಿ’ ಎಂಬ ಮಾತು ಇಂಥ ಎಲ್ಲ ಕಡೆ ಬರುತ್ತದೆ. ಸಂಸ್ಕೃತಿಯನ್ನು ಹಗುರವಾಗಿ ಕಾಣುವ ವಿಚಾರವಾದ ನನಗೂ ಒಗ್ಗುವುದಿಲ್ಲ. ಹಬ್ಬ, ಹಾಡು, ಹರಕೆ, ಕುಣಿತ ತೆಗೆದರೆ ನಮ್ಮ ಊರುಗಳಲ್ಲಿ ಉಳಿಯುವುದು ಬಸ್‌ಸ್ಟಾಂಡು ಮತ್ತು ಬಾರು. ಆದರೆ ಸಂಪ್ರದಾಯದ ಭಾರ ಹೊರುವವರು ಯಾರು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ತುಮಕೂರು, ಚಿತ್ರದುರ್ಗದ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರು, ಹಡೆದ ಬಾಣಂತಿಯರು ಹಟ್ಟಿಯಾಚೆ ಗುಡಿಸಲಲ್ಲಿ ಇರಬೇಕು. 2023ರ ಜುಲೈನಲ್ಲಿ ತುಮಕೂರಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆಯಲ್ಲಿ ಹಾಗಿದ್ದ ತಾಯಿಯ ಹಸುಗೂಸು ಸತ್ತುಹೋಯಿತು. ಇದಕ್ಕೂ ಮೊದಲೇ ಸರ್ಕಾರ ಈ ಹೆಂಗಸರಿಗಾಗಿ ‘ಕೃಷ್ಣ ಕುಟೀರ’ ಎಂಬ ಕಾಂಕ್ರೀಟು ಕಟ್ಟಡಗಳನ್ನು ಕಟ್ಟಿಸಿತ್ತು. ಮಳೆ ಚಳಿಯಿಂದ ಜೀವ ಉಳಿಸುವ ಉದ್ದೇಶ ಒಳ್ಳೆಯದೇ. ಆದರೂ ಮೈಲಿಗೆಗೆ ಸರ್ಕಾರಿ ಖರ್ಚಿನಲ್ಲಿ ಆರ್‌ಸಿಸಿ ಹಾಕಿಸಿದಂತಾಯಿತು.

ಗಮನಿಸಿ, ಅದೇ ಸರ್ಕಾರದ 2017ರ ಮೌಢ್ಯ ನಿಷೇಧ ಕಾಯ್ದೆ ಹೆಂಗಸರನ್ನು ಹೀಗೆ ಹೊರಗಿಡುವುದನ್ನು ಅಪರಾಧ ಎನ್ನುತ್ತದೆ. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನವನ್ನೂ ಅದು ನಿಷೇಧಿಸಿತು. ಜ್ಯೋತಿಷ್ಯ, ವಾಸ್ತುಗಳನ್ನು ಮುಟ್ಟಲು ಹೋಗಲಿಲ್ಲ. ವಿಧಾನಸೌಧದಲ್ಲಿ ಕೊಠಡಿಯ ಬಾಗಿಲಿನ ದಿಕ್ಕು ನೋಡುವ ಮಂತ್ರಿಗಳಿರುವಾಗ ಅಷ್ಟು ನಿರೀಕ್ಷೆ ಅತಿಯಾಯಿತು ಬಿಡಿ. ಈ ಕಾಯ್ದೆಯ ಕರಡು ಮೇಲೆ ಕೆಳಗೆ ಆಗುತ್ತಿದ್ದ ವರ್ಷಗಳಲ್ಲೇ, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಮನೆಬಾಗಿಲಲ್ಲಿ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು.

ಕನ್ನಡದ ವಿಚಾರವಾದಕ್ಕೆ ದೊಡ್ಡ ಪರಂಪರೆಯಿದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ, ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದು ಕರೆದರು. ಇಂದು ಯಾವ ಕುಲಪತಿಗೆ ಆ ಎದೆಗಾರಿಕೆ ಇದೆ? ಆದರೂ ಒಂದು ಮಾತು ಹೇಳಬೇಕು. ಗಾಳಿಯಿಂದ ವಿಭೂತಿ ತೆಗೆಯುವವರನ್ನು ಪ್ರಶ್ನಿಸುವುದಕ್ಕಿಂತ ಅಮ್ಮ ಇಟ್ಟ ಬೇರೆ ಲೋಟವನ್ನು ಪ್ರಶ್ನಿಸುವುದು ಕಷ್ಟ. ನಮ್ಮ ಎಷ್ಟೋ ಮಂದಿ ನಾಸ್ತಿಕರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರು. ದೇವರು ಹೋದ, ಜಾತಿ ಉಳಿಯಿತು.

ಮತ್ತೊಂದು ಕಡೆ ಸೌಹಾರ್ದದ ಕಥೆಗಳಿವೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ಗುಡಿಯನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನೊಂದಿಗೆ ಜೋಡಿಸುವ ಐತಿಹ್ಯವಿದೆ. ಉತ್ತರ ಕರ್ನಾಟಕದಲ್ಲಿ ಒಂದೇ ಒಂದು ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಮೊಹರಮ್ಮಿಗೆ ಅಲಾಯಿ ದೇವರು ಕೂರುತ್ತವೆ, ಹಿಂದೂಗಳೇ ಹೊತ್ತು ಕುಣಿಯುತ್ತಾರೆ. ಶಿಶುನಾಳ ಶರೀಫರು ಮತ್ತು ಗೋವಿಂದ ಭಟ್ಟರ ಗುರುಶಿಷ್ಯ ನಂಟು ಎಲ್ಲರಿಗೂ ಗೊತ್ತು. ಇವು ನಿಜ, ಇವು ಅಮೂಲ್ಯ. ಆದರೆ ಎಷ್ಟು ಬೇಗ ಕೈಬಿಡಬಲ್ಲವು ಎಂಬುದನ್ನು 2022ರಲ್ಲಿ ಕಂಡೆವು. ಮಾರ್ಚಿನಲ್ಲಿ ಕಾಪುವಿನ ಮಾರಿಪೂಜೆಯಿಂದ ಶುರುವಾಗಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂದಾಯಿತು. ತಲೆತಲಾಂತರದಿಂದ ಮಲ್ಲಿಗೆ, ಬಳೆ, ಕಲ್ಲಂಗಡಿ ಮಾರುತ್ತಿದ್ದವರು ಅವರು. ಆಧಾರವಾಗಿ ತೋರಿಸಿದ್ದು 2002ರ ಮುಜರಾಯಿ ನಿಯಮವೊಂದನ್ನು. ಯುಗಾದಿಯ ಮರುದಿನದ ಹೊಸತೊಡಕಿಗೆ ಯಾರ ಅಂಗಡಿಯ ಮಾಂಸ ಎಂಬ ಪ್ರಶ್ನೆ ಹಳೇ ಮೈಸೂರಿನ ಊರುಗಳಿಗೂ ಬಂತು. ಹೊಸತೊಡಕಿನ ಮಾಂಸಕ್ಕೆ ಸಾಲುಗಟ್ಟುವ ಜನ ಅಲ್ಲಿಯವರೆಗೆ ಕೇಳುತ್ತಿದ್ದುದು ಕೆ.ಜಿ.ಗೆ ಎಷ್ಟು ಎಂದು ಮಾತ್ರ. ಇನ್ನೂ ಒಂದು ಕಹಿ ಮಾತು: ಅಲಾಯಿ ದೇವರನ್ನು ಒಟ್ಟಿಗೆ ಹೊರುವ ಊರುಗಳಲ್ಲೂ ದಲಿತರ ಕೇರಿ ಬೇರೆಯೇ ಇರುತ್ತದೆ. ಸೌಹಾರ್ದ ಇದ್ದಲ್ಲೆಲ್ಲ ಸಮಾನತೆ ಇರುತ್ತದೆ ಎಂದು ತಿಳಿಯುವುದು ನಮ್ಮ ಜಾತ್ಯತೀತ ಲೇಖಕರ ಹಳೆಯ ಮರುಳು. ಧರ್ಮ ಬದಲಿಸಿದರೆ ಬಿಡುಗಡೆ ಎಂದೂ ಹೇಳಲಾಗದು. ಪಕ್ಕದ ತಮಿಳುನಾಡಿನಲ್ಲಿ ದಲಿತ ಕ್ರೈಸ್ತರ ಹೆಣಗಳಿಗೆ ಬೇರೆ ಮಣ್ಣು ಕೊಟ್ಟ ಸ್ಮಶಾನಗಳಿವೆ.

ಕೊನೆಗೆ ಮದುವೆ, ಎಲ್ಲ ಮಾತುಗಳ ಬಣ್ಣ ಬಯಲಾಗುವ ಜಾಗ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನ ಮಗ, ಮಧುವರಸನ ಮಗಳ ಮದುವೆಗೆ ಕಲ್ಯಾಣ ಹತ್ತಿ ಉರಿಯಿತೆಂದು ಭಾಷಣ ಮಾಡುವವರು ತಮ್ಮ ಮಕ್ಕಳಿಗೆ ಒಳಪಂಗಡವನ್ನೂ ಬಿಡದೆ ಹುಡುಕುತ್ತಾರೆ. ಪತ್ರಿಕೆಯ ವಧುವರರ ಕಾಲಮ್ಮಿನಲ್ಲಿ ‘ಜಾತಿ ಅಡ್ಡಿಯಿಲ್ಲ’ ಎಂದು ದೊಡ್ಡದಾಗಿ ಹಾಕಿಸಿ, ಪಕ್ಕದಲ್ಲೇ ‘ಎಸ್‌ಸಿ/ಎಸ್‌ಟಿ ಹೊರತುಪಡಿಸಿ’ ಎಂದು ಸೇರಿಸುವವರ ಪ್ರಾಮಾಣಿಕತೆಯನ್ನಾದರೂ ಮೆಚ್ಚಬೇಕು. ಮೇಲೆ ಹೇಳಿದ 2011-12ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆಗಳು ಶೇ 5ರ ಆಸುಪಾಸು. ಕುವೆಂಪು ಮಂತ್ರ ಮಾಂಗಲ್ಯವನ್ನು ಬರೆದದ್ದಷ್ಟೇ ಅಲ್ಲ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಹಾಗೆಯೇ ಮಾಡಿದರು. ಮಂತ್ರ ಮಾಂಗಲ್ಯ ಈಗಲೂ ನಡೆಯುತ್ತದೆ, ಎಷ್ಟೋ ಸಲ ಜಾತಕ ಕೂಡಿಸಿ, ಸ್ವಜಾತಿಯಲ್ಲೇ!

ಜಾತಿ, ಧರ್ಮ ಮೀರಿ ಮದುವೆಯಾಗಲು ಹೊರಟವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರ ಪ್ರಕಾರ ಹುಡುಗ ಹುಡುಗಿ ನೋಟಿಸು ಕೊಡಬೇಕು, ಅದನ್ನು ವಿವಾಹ ಅಧಿಕಾರಿಯ ಕಚೇರಿಯ ಗೋಡೆಗೆ ಹಚ್ಚುತ್ತಾರೆ, 30 ದಿನ ಕಾಯಬೇಕು. ಛತ್ರದಲ್ಲಿ, ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗುವವರಿಗೆ ಈ ಕಾಯುವಿಕೆ ಇಲ್ಲ. ತಿಂಗಳು ಪೂರ್ತಿ ಹೆಸರು, ವಿಳಾಸ ಗೋಡೆಯ ಮೇಲಿದ್ದರೆ ಓದುವವರು ಅಣ್ಣತಮ್ಮಂದಿರು, ಜಾತಿಯ ಮುಖಂಡರು, ಧರ್ಮ ಕಾಯುವ ಸೇನೆಗಳವರು. ಬೆಳಗಾವಿ ಜಿಲ್ಲೆಯ ಜೋಡಿಯೊಂದರ ಪ್ರಕರಣದಲ್ಲಿ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಜಾತಿ ಉದ್ವೇಗ ತಗ್ಗುವ ದಾರಿ ಬಹುಶಃ ಅಂತರ್ಜಾತಿ ಮದುವೆಯೇ ಎಂಬರ್ಥದ ಮಾತಾಡಿತು. ಅದಕ್ಕೂ ಒಂದು ತಿಂಗಳ ಮೊದಲು ಅಲಹಾಬಾದ್ ಹೈಕೋರ್ಟು ಈ ನೋಟಿಸಿನ ಪ್ರಕಟಣೆ ಜೋಡಿಯ ಇಚ್ಛೆಗೆ ಬಿಟ್ಟದ್ದು ಎಂದಿತ್ತು.

ಮದುವೆ ಸಮವರ್ತಿ ಪಟ್ಟಿಯ ವಿಷಯ. ರಾಜ್ಯವೂ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತಕ್ಕೆ ಕಳಿಸಬಹುದು. ಬಸವಣ್ಣನ ಭಾವಚಿತ್ರವನ್ನು ಸರ್ಕಾರಿ ಕಚೇರಿಗಳಲ್ಲಿ ತೂಗುಹಾಕಿರುವ ಸರ್ಕಾರ, ಅದೇ ಕಚೇರಿಗಳ ಗೋಡೆಯಿಂದ ಆ ನೋಟಿಸನ್ನು ಕೆಳಗಿಳಿಸಲಿ.